ಕರೆದವರ ಮನೆ: ಒಳಗೆ ಹೋದವರು, ಜಗಲಿಯಲ್ಲೇ ನಿಂತವರು

ಕ್ರೈಸ್ತ ಧರ್ಮದ ಕರೆಯನ್ನು ಜನ ಯಾಕೆ ಒಪ್ಪುತ್ತಾರೆ, ಯಾಕೆ ಬೇಡ ಎನ್ನುತ್ತಾರೆ ಎಂಬ ಬಗ್ಗೆ ಬಂದ ಪತ್ರಗಳಲ್ಲಿ ಐದಕ್ಕೆ ಈ ಸಂಚಿಕೆಯಲ್ಲಿ ಉತ್ತರ ಕೊಟ್ಟಿದ್ದೇವೆ. 'ಮತಾಂತರ ಸರಿಯೋ ತಪ್ಪೋ' ಎಂದಷ್ಟೇ ಕೇಳಿದವುಗಳನ್ನು ಬದಿಗಿಟ್ಟಿದ್ದೇವೆ. ಆ ಜಗಳಕ್ಕೆ ಟಿವಿ ಇದೆ.

ಪ್ರಶ್ನೆ: ಬಾಸೆಲ್ ಮಿಷನ್ ಕಾಲದಲ್ಲಿ ಬಿಲ್ಲವರು ಹಂಚಿನ ಕಾರ್ಖಾನೆಯ ಕೆಲಸಕ್ಕಾಗಿ ಕ್ರೈಸ್ತರಾದರು ಎನ್ನುತ್ತಾರೆ. ಸೆಮಿನಾರ್ ಪ್ರಬಂಧದಲ್ಲಿ ಹಾಗೆ ಬರೆಯಬಹುದೇ?
– ಎಂ.ಎ. ವಿದ್ಯಾರ್ಥಿನಿ, ಉಡುಪಿ

ಬರೆದರೆ ಅಂಕ ಹೋಗುತ್ತದೆ. ಇಸವಿಗಳನ್ನು ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಮಿಷನ್ನಿನಿಂದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ನಡುವೆ ಮೂವತ್ತೊಂದು ವರ್ಷ. ಮೊದಲ ತಲೆಮಾರಿನವರು ಹುಟ್ಟದೇ ಇದ್ದ ಕಾರ್ಖಾನೆಗೆ ಆಸೆಪಟ್ಟಿರಲಾರರು.

ನಡೆದದ್ದು ಹಿಂದುಮುಂದು. ಕರಾವಳಿಯ ಬಿಲ್ಲವರ ದೊಡ್ಡ ಕಸುಬು ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದು. ಮಿಷನ್ನಿಗೆ ಕಳ್ಳು, ಹೆಂಡ ಆಗದು. ದೀಕ್ಷಾಸ್ನಾನ (ಕ್ರೈಸ್ತರಾಗುವಾಗಿನ ನೀರಿನ ವಿಧಿ) ಬೇಕೆಂದವನು ಮೂರ್ತೆಯ ಕತ್ತಿ ಕೆಳಗಿಡಬೇಕಿತ್ತು. ದೈವದ ಕೋಲಕ್ಕೂ, ದೈವಗಳ ಗುಡಿಯಾದ ಗರಡಿಗೂ ಹೋಗುವಂತಿರಲಿಲ್ಲ. ಹಲವರು ಧಣಿಗಳ ಒಕ್ಕಲು. ಧಣಿಮನೆಯ ದೈವಕ್ಕೆ ಬೆನ್ನು ಹಾಕಿದವನಿಗೆ ಚಾಲಗೇಣಿಯ, ಅಂದರೆ ಧಣಿ ಬೇಕಾದಾಗ ಬಿಡಿಸಬಹುದಾದ ಗೇಣಿಯ ಗದ್ದೆ ಮುಂದಿನ ಬೇಸಾಯಕ್ಕೆ ಸಿಗುತ್ತದೆಂಬ ಭರವಸೆ ಇಲ್ಲ. ಇದರ ಮೇಲೆ ಅಳಿಯಸಂತಾನ ಕಟ್ಟು. ಆಸ್ತಿಯೂ ಮಕ್ಕಳೂ ತಾಯಿಯ ಕುಟುಂಬಕ್ಕೆ ಸೇರಿದ ಕಡೆ, ಗಂಡ ಒಬ್ಬನೇ ಚರ್ಚಿಗೆ ಹೋದರೆ ಮಕ್ಕಳು ಅವನ ಹಿಂದೆ ಬರಬೇಕೆಂದೇನೂ ಇಲ್ಲ. ಕಸುಬು, ಗದ್ದೆ, ಮನೆ ಮೂರೂ ಹೋದ ಮನುಷ್ಯನಿಗೆ ನಾಳೆಯ ಗಂಜಿಗೆ ಏನು ಎಂಬುದು ಪಾದ್ರಿಗಳ ತಲೆನೋವಾಯಿತು. ಮುದ್ರಣಾಲಯದಲ್ಲಿ ಒಂದಿಷ್ಟು ಜನರಿಗೆ ಕೆಲಸ ಸಿಕ್ಕಿತು. 1851ರಲ್ಲಿ ಮಿಷನ್ನಿನ ಹಾಲರ್ ಬಂದ ಮೇಲೆ ನೇಯ್ಗೆ ಕುದುರಿತು, ಆಮೇಲೆ ಹಂಚು. ಕೆಲಸ ಹೋದದ್ದು ಮೊದಲು, ಕಾರ್ಖಾನೆ ಬಂದದ್ದು ನಂತರ.

ಹಾಗೆಂದು 1865ರ ನಂತರದವರಿಗೂ ಇದೇ ಮಾತು ಸಲ್ಲುವುದಿಲ್ಲ. ಸಂಬಳ, ಶಾಲೆ, ಮನೆ ಕಣ್ಣೆದುರಿಗಿದ್ದಾಗ ಕಾರಣಗಳು ಬೆರೆಯುತ್ತವೆ. ಎರಡು ಕಾಲಘಟ್ಟಗಳನ್ನು ಬೇರೆ ಬೇರೆ ಅಧ್ಯಾಯ ಮಾಡಿ. ಬರೆಯುವಾಗ ಭೂತದ, ಅಂದರೆ ದೈವದ ಭಯವನ್ನೂ ಮರೆಯಬೇಡಿ. ಹರಕೆ, ಕೋಲದ ಖರ್ಚು, ತಪ್ಪಿದರೆ ದೈವದ ಮುನಿಸು: ಈ ಸಾಲ ತೀರಿತು ಎಂಬ ಮಾತಿಗೆ ಅಂದು ಎಷ್ಟು ತೂಕವಿತ್ತೆಂದು ಇಂದಿನ ಓದುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ಕೇಳಬೇಕಿತ್ತು: ಬಹುಪಾಲು ಬಿಲ್ಲವರು ಯಾಕೆ ಹೋಗಲಿಲ್ಲ? ಅವರಿಗೆ ಬೇರೆ ಬಾಗಿಲುಗಳೂ ಇದ್ದವು. 1870ರ ಸುಮಾರಿಗೆ ಮುಖಂಡ ಅರಸಪ್ಪನವರು ಬ್ರಹ್ಮಸಮಾಜದವರನ್ನು ಮಂಗಳೂರಿಗೆ ಕರೆಸಿದರು. ವಿಗ್ರಹವಿಲ್ಲದ, ಜಾತಿ ಕೇಳದ ಪ್ರಾರ್ಥನೆ. ಆದರೆ ಹಬ್ಬವಿಲ್ಲ, ತೇರಿಲ್ಲ. ಸಮುದಾಯ ಅಲ್ಲಿ ಒಟ್ಟಾಗಿ ನೆಲೆನಿಲ್ಲಲಿಲ್ಲ. ಕೊನೆಗೆ ಸಾಹುಕಾರ್ ಕೊರಗಪ್ಪನವರ ಮುಂದಾಳ್ತನದಲ್ಲಿ ಕೇರಳದ ಸುಧಾರಕ ನಾರಾಯಣ ಗುರುಗಳನ್ನು ಬರಮಾಡಿಕೊಂಡರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ದೇವಸ್ಥಾನದ ಹೊರಗೆ ನಿಂತು ಕೈಮುಗಿಯುತ್ತಿದ್ದವರಿಗೆ ತಮ್ಮದೇ ಗರ್ಭಗುಡಿ ಸಿಕ್ಕಿತು, ನೆಂಟರನ್ನೂ ಗರಡಿಯನ್ನೂ ಬಿಡದೆ. ಮಿಷನ್ನಿನ ಕರೆಗೆ ಇದಕ್ಕಿಂತ ಗಟ್ಟಿಯಾದ 'ಬೇಡ' ಕರಾವಳಿಯಲ್ಲಿ ಬೇರೆ ಸಿಗಲಾರದು.

ಪ್ರಶ್ನೆ: ಮಿಷನ್ ಶಾಲೆಗಳಲ್ಲಿ ಅಷ್ಟು ಜನ ಮೇಲ್ಜಾತಿಯವರು ಓದಿದರು. ದಿನವೂ ಬೈಬಲ್ ಪಾಠ ಕೇಳಿದರೂ ಕ್ರೈಸ್ತರಾದವರು ಬೆರಳೆಣಿಕೆ. ಯಾಕೆ?
– ನಿವೃತ್ತ ಶಿಕ್ಷಕರು, ಧಾರವಾಡ

ಅವರು ಕರೆಯನ್ನು ತುಂಡು ಮಾಡಿ ತಮಗೆ ಬೇಕಾದ್ದನ್ನು ತೆಗೆದುಕೊಂಡರು. ಇಂಗ್ಲಿಷ್, ಗಣಿತ, ಅಚ್ಚುಕೂಟ, 1843ರಲ್ಲಿ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಪತ್ರಿಕೆ, ಇಷ್ಟೂ ಬೇಕು, ದೀಕ್ಷಾಸ್ನಾನ ಬೇಡ. ಬೈಬಲ್ ತರಗತಿ ಅವರ ಪಾಲಿಗೆ ಫೀಸಿನ ಒಂದು ಭಾಗ.

1844ರಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗಲಾಟೆಯಾಯಿತು. ಅವರು ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು. ಅವರ ಹಿಂದೆ ಸಾಲು ಹಚ್ಚಿ ಯಾರೂ ಬರಲಿಲ್ಲ. ಬ್ರಾಹ್ಮಣ ಮನೆಯ ಹುಡುಗನ ಮಟ್ಟಿಗೆ ದೀಕ್ಷಾಸ್ನಾನವೆಂದರೆ ಅಪ್ಪ ಅಮ್ಮ ಬದುಕಿರುವಾಗಲೇ ಅವರಿಗೆ ಸತ್ತಂತೆ. ಪಂಕ್ತಿಯಲ್ಲಿ ಎಲೆ ಇಲ್ಲ, ಶ್ರಾದ್ಧ ಮಾಡುವ ಅಧಿಕಾರ ಇಲ್ಲ, ತಂಗಿಯ ಮದುವೆಗೂ ತೊಡಕು. ಧರ್ಮ ಬಿಟ್ಟವನ ಆಸ್ತಿ ಹಕ್ಕು ಹೋಗದು ಎಂದು ಕಂಪನಿ ಸರ್ಕಾರ 1850ರಲ್ಲಿ ಕಾಯ್ದೆ ಮಾಡಿತು, ನಿಜ. ಕಾಯ್ದೆ ಜಮೀನು ಕೊಡಿಸೀತು, ಪಂಕ್ತಿಯಲ್ಲಿ ಎಲೆ ಹಾಕಿಸಲಾರದು.

ತತ್ತ್ವದ ತಕರಾರೂ ಇತ್ತು. ಗಾಂಧಿಯವರಿಗೆ ಯೇಸುವಿನ ಬೆಟ್ಟದ ಮೇಲಿನ ಬೋಧನೆ ಬಹಳ ಇಷ್ಟ. ಯೇಸು ಒಬ್ಬನೇ ದೇವಪುತ್ರ ಎಂಬಲ್ಲಿಗೆ ಬಂದಾಗ ಅವರು ನಿಂತುಬಿಟ್ಟರು. 'ಇದೂ ಸತ್ಯ' ಎಂದು ಒಪ್ಪಲು ತಯಾರಿದ್ದ ಓದುಬಲ್ಲವರು ನೂರಾರು, 'ಇದೇ ಸತ್ಯ' ಎನ್ನಲು ತಯಾರಿದ್ದವರು ಕೆಲವರು. ಅಂಬೇಡ್ಕರ್ ಬೇಡವೆಂದದ್ದು ಬೇರೆಯದೇ ದಾರಿಯಲ್ಲಿ. ಹಿಂದೂವಾಗಿ ಸಾಯಲಾರೆ ಎಂದು 1935ರಲ್ಲಿ ಸಾರಿದ ಮೇಲೆ ಎಲ್ಲ ಧರ್ಮಗಳನ್ನೂ ಅಳೆದು ನೋಡಿದರು. ದಕ್ಷಿಣದ ಚರ್ಚುಗಳ ಒಳಗೂ ಜಾತಿ ಕೂತಿರುವುದನ್ನು ಕಂಡು ಅದನ್ನೂ ಲೆಕ್ಕಕ್ಕೆ ಹಿಡಿದರು. 1956ರಲ್ಲಿ ಬೌದ್ಧರಾದರು.

ಪ್ರಶ್ನೆ: ಪಂಡಿತಾ ರಮಾಬಾಯಿ ನಮ್ಮ ಕಡೆಯವರಂತೆ. ವೇದ ಪುರಾಣ ಬಲ್ಲವರು ಕ್ರೈಸ್ತರಾದದ್ದು ಯಾಕೆ?
– ಗೃಹಿಣಿ, ಶಿವಮೊಗ್ಗ

ಹುಟ್ಟಿದ್ದು ಇಲ್ಲೇ, 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡವರು. ಆ ತಾಯಿಯಿಂದಲೇ ರಮಾಬಾಯಿ ಕಲಿತದ್ದು. ತಂದೆತಾಯಿ ಕ್ಷಾಮದ ಕಾಲದಲ್ಲಿ ತೀರಿಕೊಂಡರು, ಆಮೇಲೆ ಅಣ್ಣ. ಮದುವೆಯಾದ ಎರಡೇ ವರ್ಷಕ್ಕೆ ಗಂಡನೂ ಹೋದರು.

ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಸಂನ್ಯಾಸಿನಿಯರ ಜೊತೆಗಿದ್ದಾಗ ಅವರನ್ನು ಲಂಡನ್ನಿನ ಫುಲಮ್‌ಗೆ ಕರೆದೊಯ್ದರು. ದಾರಿ ತಪ್ಪಿದವರೆಂದು ಊರು ಕೈಬಿಟ್ಟ ಹೆಂಗಸರನ್ನು ಅಲ್ಲಿ ಕೂರಿಸಿ, ಉಣ್ಣಿಸಿ, ಕೆಲಸ ಕಲಿಸುತ್ತಿದ್ದರು. ಇಂಥವರಿಗೆ ಪ್ರಾಯಶ್ಚಿತ್ತವೇ ಇಲ್ಲವೆಂಬುದನ್ನು ಶಾಸ್ತ್ರದಲ್ಲಿ ಓದಿದ್ದ ರಮಾಬಾಯಿ, ಇವರೇಕೆ ಹೀಗೆ ಮಾಡುತ್ತಾರೆ ಎಂದು ಕೇಳಿದರು. ಉತ್ತರವಾಗಿ ಸಿಕ್ಕಿದ್ದು ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ: ಐದು ಮದುವೆಯಾದ ಸಮಾರ್ಯದ ಹೆಂಗಸಿನ ಹತ್ತಿರ ಬಾವಿಕಟ್ಟೆಯಲ್ಲಿ ಯೇಸು ಕುಡಿಯಲು ನೀರು ಕೇಳುವ ಪ್ರಸಂಗ. ಯಾರ ಕೈಯ ನೀರು ಮುಟ್ಟಬಾರದು ಎಂಬ ನಿಯಮದಲ್ಲೇ ಬೆಳೆದವರಿಗೆ ಈ ಪ್ರಸಂಗದ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. 1883ರ ಸೆಪ್ಟೆಂಬರ್ 29ರಂದು ಮಗಳು ಮನೋರಮಾಳೊಂದಿಗೆ ದೀಕ್ಷಾಸ್ನಾನ ಪಡೆದರು.

ಒಪ್ಪಿದ ಮೇಲೂ ಎಲ್ಲವನ್ನೂ ಒಪ್ಪಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿಯೇಕತ್ವದ ಬಗ್ಗೆ ಅಲ್ಲಿನವರೊಡನೆ ಜಗ್ಗಾಡಿದರು, ಸಸ್ಯಾಹಾರ ಬಿಡಲಿಲ್ಲ. ಆದರೆ ಊರಿಗೆ ಬಂದ ಮೇಲೆ ಪೆಟ್ಟು ಇನ್ನೊಂದು ಕಡೆಯಿಂದ ಬಿತ್ತು. 1889ರಲ್ಲಿ ಮುಂಬಯಿಯಲ್ಲಿ ತೆರೆದು ಪುಣೆಗೆ ಒಯ್ದ ಶಾರದಾ ಸದನ ಎಂಬ ವಸತಿ ಶಾಲೆಯಲ್ಲಿ ಬಾಲವಿಧವೆಯರು ಇವರ ಪ್ರಾರ್ಥನೆಯ ಹೊತ್ತಿಗೆ ತಾವಾಗಿ ಬಂದು ಕೂರತೊಡಗಿದರು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಸುಧಾರಕರೇ ಸಲಹಾ ಸಮಿತಿ ಬಿಟ್ಟರು, ಪೋಷಕರು ಹುಡುಗಿಯರನ್ನು ಕರೆದೊಯ್ದರು. ಬಾಗಿಲು ತೆರೆದಿಟ್ಟದ್ದೂ ಕರೆದಂತೆಯೇ ಎಂದು ಸುಧಾರಕರ ವಾದ. ಕೂರಬೇಡಿ ಎನ್ನಲಾರೆ ಎಂದು ರಮಾಬಾಯಿಯವರ ವಾದ. ನಮ್ಮ ಮಟ್ಟಿಗೆ ಎರಡರಲ್ಲೂ ಹುರುಳಿದೆ.

ಪ್ರಶ್ನೆ: ಸಹೋದ್ಯೋಗಿಯ ಜೊತೆ ಪ್ರಾರ್ಥನಾ ಕೂಟಕ್ಕೆ ಆರು ತಿಂಗಳಿಂದ ಹೋಗುತ್ತಿದ್ದೇನೆ. ಮನಸ್ಸಿಗೆ ಹಿಡಿಸಿದೆ. ಮುಂದಿನ ವಾರವೇ ದೀಕ್ಷಾಸ್ನಾನ ತಗೋ ಎನ್ನುತ್ತಿದ್ದಾರೆ. ನಾನು ಪರಿಶಿಷ್ಟ ಜಾತಿಯವನು, ಮದುವೆಯಾಗಿದೆ. ಏನೇನು ತಿಳಿದಿರಬೇಕು?
– 29 ವರ್ಷ, ಬೆಂಗಳೂರು

ಮೊದಲು ಅವಸರದ ಬಗ್ಗೆ. ಕ್ಯಾಥೋಲಿಕರಲ್ಲಿ ವಯಸ್ಕರಿಗೆ ಹಂತಗಳಿವೆ. ವಿಚಾರಿಸುವ ಕಾಲ, ತಿಂಗಳುಗಟ್ಟಲೆ ಧರ್ಮಬೋಧನೆ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಆರಂಭದಲ್ಲಿ ಆಯ್ಕೆಯ ವಿಧಿ, ಕೊನೆಗೆ ಈಸ್ಟರ್ ಜಾಗರಣೆಯ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮೂರೂ ಒಟ್ಟಿಗೆ. ಸಾಮಾನ್ಯವಾಗಿ ವರ್ಷದ ಹತ್ತಿರ ಹಿಡಿಯುತ್ತದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯಲ್ಲಿ ಸಭಾಪಾಲಕರು ಪಾಠ ಹೇಳಿ, ಸಭೆಯ ಮುಂದೆ ನಂಬಿಕೆಯ ಅರಿಕೆ ಮಾಡಿಸಿ ಸ್ನಾನ ಕೊಡುತ್ತಾರೆ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್ ಸಭೆಗಳಲ್ಲಿ ತೊಟ್ಟಿಯಲ್ಲೋ ಹೊಳೆಯಲ್ಲೋ ಪೂರ್ತಿ ಮುಳುಗಿಸುತ್ತಾರೆ, ಕಾಯಿಸುವ ಅವಧಿ ಸಭೆಯಿಂದ ಸಭೆಗೆ ಬೇರೆ. 'ಮುಂದಿನ ವಾರ' ಎನ್ನುವವರಿಗೆ 'ಮುಂದಿನ ವರ್ಷ ಕೇಳಿ' ಎನ್ನಿ. ಸಿಟ್ಟಾದರೆ ಅದೇ ನಿಮಗೆ ಸಿಕ್ಕ ಉತ್ತರ.

ಎರಡನೆಯದು ಜಾತಿ ಪತ್ರ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಸ್ಥಾನವಿರುವುದು ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ. ಕ್ರೈಸ್ತರಾದರೆ ಆ ಮೀಸಲಾತಿ ಹೋಗುತ್ತದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ಕ್ಕೆ ಸೇರುತ್ತೀರಿ. ಪರಿಶಿಷ್ಟ ಪಂಗಡಕ್ಕೆ ಈ ಷರತ್ತಿಲ್ಲ. ಭಾನುವಾರ ಚರ್ಚು, ದಾಖಲೆಯಲ್ಲಿ ಹಿಂದೂ ಎಂಬ ಎರಡು ದೋಣಿಯ ಪಯಣ ಹಲವರದು. ದೂರು ಬಿದ್ದ ದಿನ ಕೆಲಸಕ್ಕೇ ಕುತ್ತು ಬರುತ್ತದೆ. ಎಷ್ಟೋ ಜನ ನಂಬಿಕೆ ಇದ್ದೂ ಸ್ನಾನ ಮುಂದೂಡುವುದು ಇದೊಂದೇ ಕಾರಣಕ್ಕೆ.

ಮೂರನೆಯದು ಮನೆ. ಸಂಗಾತಿ ಮತ ಬದಲಿಸಿದರೆ ಹಿಂದೂ ವಿವಾಹ ಕಾಯ್ದೆಯ 13ನೇ ಕಲಂ ಇನ್ನೊಬ್ಬರಿಗೆ ವಿಚ್ಛೇದನ ಕೇಳುವ ಹಕ್ಕು ಕೊಡುತ್ತದೆ. ಹೆಂಡತಿಗೆ ಕೊನೆಯಲ್ಲಿ ಹೇಳುವ ವಿಷಯ ಇದಲ್ಲ. ಅಪ್ಪನ ಆಸ್ತಿಯಲ್ಲಿ ನಿಮ್ಮ ಪಾಲು ಹೋಗುವುದಿಲ್ಲ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ ಪ್ರಕಾರ, ನೀವು ಕ್ರೈಸ್ತರಾದ ಮೇಲೆ ಹುಟ್ಟಿದ ಮಕ್ಕಳು ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ, ವಾರಸು ತೆರೆದುಕೊಳ್ಳುವ ಹೊತ್ತಿಗೆ ಅವರು ಹಿಂದೂಗಳಾಗಿದ್ದರೆ ಮಾತು ಬೇರೆ. ಸತ್ತರೆ ಮಣ್ಣೆಲ್ಲಿ ಎಂಬುದನ್ನೂ ಕೇಳಿಕೊಳ್ಳಿ. ಬಾಡಿಗೆ ಹಾಲ್‌ನಲ್ಲಿ ನಡೆಯುವ ಸಣ್ಣ ಸಭೆಗಳಿಗೆ ಸ್ವಂತ ಸ್ಮಶಾನ ಇರುವುದು ಅಪರೂಪ.

ರಾಜ್ಯದ 2022ರ ಮತಾಂತರ ಕಾಯ್ದೆ 30 ದಿನ ಮೊದಲೇ ನೋಟಿಸ್ ಕೊಡಬೇಕೆಂದಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಹಳೆಯ ವಿಡಿಯೊ ನೋಡಿಕೊಂಡು ಹೆಜ್ಜೆ ಇಡಬೇಡಿ, ಆ ಕಾಯ್ದೆ ಇಂದು ಯಾವ ಸ್ಥಿತಿಯಲ್ಲಿದೆ ಎಂದು ಸ್ನಾನಕ್ಕೆ ಮುಂಚೆ ವಕೀಲರನ್ನು ಕೇಳಿ. ಪ್ರಾರ್ಥನೆಯಿಂದ ಗುಣವಾಯಿತೆಂದು ಸಾಕ್ಷಿ ಹೇಳಿಸಿ ಮಾತ್ರೆ ಬಿಡಿಸುವ ಕೂಟವಾದರೆ ಅಂದೇ ಎದ್ದು ಬನ್ನಿ. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗಾಣು ಔಷಧಿಗೇ ಜಗ್ಗದಂತಾಗುತ್ತದೆ.

ಬೇಡವೆಂದು ತೀರ್ಮಾನಿಸಿದರೆ ಸುಳ್ಳು ನೆವ ಹೇಳಬೇಡಿ. 'ಮನೆಯಲ್ಲಿ ಹುಷಾರಿಲ್ಲ' ಎಂದರೆ ಪ್ರಾರ್ಥನೆ ಮಾಡಲು ಹತ್ತು ಜನ ಮನೆಗೇ ಬರುತ್ತಾರೆ. 'ಹಾಡು, ಪ್ರಾರ್ಥನೆಗೆ ಬರುತ್ತೇನೆ, ಸ್ನಾನದ ಮಾತು ಬೇಡ' ಎನ್ನಿ. ಹಾಗೆ ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಕೂತವರು ಎಲ್ಲ ಚರ್ಚಿನಲ್ಲೂ ಇದ್ದಾರೆ. ಕ್ಯಾಥೋಲಿಕ್ ಪೂಜೆಯಲ್ಲಿ ಪರಮಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ, ಅದು ದೀಕ್ಷೆ ಪಡೆದವರಿಗೆ.

ಪ್ರಶ್ನೆ: ಪಕ್ಕದ ಮನೆಯ ಕ್ರೈಸ್ತರು ನಮ್ಮ ಗಣಪತಿ ಹಬ್ಬದ ಕಡುಬು ತೆಗೆದುಕೊಳ್ಳುವುದಿಲ್ಲ. ಮೇಲಿನ ಮನೆಯವರು, ಅವರೂ ಕ್ರೈಸ್ತರೇ, ಡಬ್ಬಿ ತಂದು ಒಯ್ಯುತ್ತಾರೆ. ಯಾರು ಸರಿ?
– ಓದುಗರು, ಹಾಸನ

ಇಬ್ಬರೂ ಬೈಬಲಿನ ಒಂದೇ ಪುಟ ತೋರಿಸಿಯಾರು: ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರದ ಎಂಟನೇ ಅಧ್ಯಾಯ. ವಿಗ್ರಹಕ್ಕೆ ಇಟ್ಟ ಆಹಾರದಿಂದ ಏನೂ ಆಗದು, ಆದರೆ ಅದನ್ನು ಕಂಡು ಮನಸ್ಸು ಅಳುಕುವ ಸಹೋದರನಿದ್ದರೆ ತಿನ್ನಬೇಡ ಎಂದು ಅಲ್ಲಿದೆ. ಮೇಲಿನ ಮನೆಯವರು ಮೊದಲ ಅರ್ಧ ಹಿಡಿದಿದ್ದಾರೆ, ಪಕ್ಕದವರು ಎರಡನೆಯದನ್ನು. ಹೊಸದಾಗಿ ನಂಬಿಕೆಗೆ ಬಂದವರು ಹೆಚ್ಚಾಗಿ ಪಕ್ಕದವರ ಥರ, ಬಿಟ್ಟುಬಂದದ್ದು ಇನ್ನೂ ಹತ್ತಿರದಲ್ಲೇ ಇರುವುದರಿಂದ. ಮುಂದಿನ ಸಲ ನೈವೇದ್ಯಕ್ಕೆ ಮೊದಲೇ ಹತ್ತು ಕಡುಬು ಬೇರೆ ಡಬ್ಬಿಗೆ ತೆಗೆದಿಟ್ಟು, ಹಾಗೆಂದು ಹೇಳಿಯೇ ಕೊಡಿ.