ಬಾಳೆಹಣ್ಣಿನ ಬಿಲ್ಲೆ: ಮೇಲೆ ಗಟ್ಟಿ, ಒಳಗೆ ಹಸಿ

ಒಣಗಿಸಿದ ಬಾಳೆಹಣ್ಣಿನ ಬಿಲ್ಲೆ ಮೇಲೆ ಗಟ್ಟಿ, ಒಳಗೆ ಹಸಿ ಉಳಿದು ಡಬ್ಬಿಯಲ್ಲಿ ಬೂಷ್ಟು ಹಿಡೀತು, ಯಾಕೆ ಅಂತ ಕೇಳಿದ್ದೀರಿ. ಬೇಗ ಒಣಗಲಿ ಅಂತ ಡಿಹೈಡ್ರೇಟರನ್ನು (ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ) ಶುರುವಿನಿಂದಲೇ 75 ಡಿಗ್ರಿಗೆ ಇಟ್ಟಿದ್ದೀರಲ್ಲ, ಎಡವಟ್ಟು ಬಹುಶಃ ಅಲ್ಲೇ. ಮೇಲ್ಪದರ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ಚುತ್ತೆ. ಡಬ್ಬಿಗೆ ಹಾಕಿದ ಮೇಲೆ ಆ ತೇವ ಹೊರಬಂದು ಬೂಷ್ಟು ಹಿಡಿಯುತ್ತೆ. ಬೂಷ್ಟು ಬಂದ ಡಬ್ಬಿಯದ್ದು ಪೂರ್ತಿ ಎಸೆಯಿರಿ, ಆರಿಸಿ ತಿನ್ನಬೇಡಿ.

ಈ ಸಲ ತೀರಾ ಕಳಿತ ಹಣ್ಣು ಬೇಡ. ಸುಮಾರು 5 ಮಿ.ಮೀ. ದಪ್ಪಕ್ಕೆ, ಎಲ್ಲವೂ ಒಂದೇ ಸಮ ಕತ್ತರಿಸಿ. ಯಂತ್ರಕ್ಕಿಂತ ಇದೇ ಮುಖ್ಯ. ನಿಂಬೆರಸದ ನೀರಲ್ಲಿ ಅದ್ದಿ, ಬಟ್ಟೆ ಮೇಲೆ ಆರಿಸಿ, ಒಂದಕ್ಕೊಂದು ತಾಗದಂತೆ ಟ್ರೇಗೆ ಜೋಡಿಸಿ. 57 ಡಿಗ್ರಿ ಸಾಕು. ನಡುವೆ ಟ್ರೇಗಳನ್ನು ಮೇಲೆ ಕೆಳಗೆ ಬದಲಿಸಿ. 8ರಿಂದ 12 ಗಂಟೆ ಹಿಡಿಯಬಹುದು. ನಿಮ್ಮ ಯಂತ್ರಕ್ಕೆ ಇಷ್ಟೇ ಅಂತ ಖಚಿತವಾಗಿ ಹೇಳಲಾರೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒಂದು ಬಿಲ್ಲೆ ತೆಗೆದು ಪೂರ್ತಿ ತಣಿಸಿ, ಸೀಳಿ, ಹಿಂಡಿ ನೋಡಿ. ಸೀಳಿನಲ್ಲಿ ಪಸೆ ಕಂಡರೆ ವಾಪಸ್ ಇಡಿ. ಬಿಸಿಯಿದ್ದಾಗ ಮೆತ್ತಗೇ ಇರುತ್ತೆ, ಗೊತ್ತಾಗಲ್ಲ.

ದಾವಣಗೆರೆ ಬಿಸಿಲಿಗೆ ಟೆರೇಸ್ ಮೇಲೆ ಹಾಕಬಹುದಾ ಅಂತಲೂ ಕೇಳಿದ್ದೀರಿ. ಸಂಡಿಗೆಗೆ ಸರಿ, ಈ ಸಿಹಿಗೆ ನೊಣ, ಧೂಳು ಮುತ್ತುತ್ತೆ.

ತಣಿದದ್ದನ್ನು ಗಾಜಿನ ಡಬ್ಬಿಗೆ ಮುಕ್ಕಾಲು ಭಾಗದೊಳಗೇ ತುಂಬಿ, ಒಂದು ವಾರ ದಿನಾ ಅಲುಗಿಸಿ. ಗಾಜಿನ ಒಳಗೆ ಬೆವರಿದರೆ ಮತ್ತೆ ಯಂತ್ರಕ್ಕೆ. ಅಂಗಡಿ ಚಿಪ್ಸಿನಷ್ಟು ಗರಿಗರಿ ನಿರೀಕ್ಷಿಸಬೇಡಿ, ಅದು ಎಣ್ಣೆಯಲ್ಲಿ ಕರಿದ ಕಾಯಿ.