ಘಾಟಿ ಹತ್ತುವುದು ಇರಲಿ, ಇಳಿಯುವುದು ಎಲ್ಲಿ?

ಮಳೆ ನಿಂತ ಕೂಡಲೇ ಈ ಅಂಕಣಕ್ಕೆ ಪತ್ರಗಳು ಶುರುವಾಗುತ್ತವೆ. ಬರೆಯುವವರ ಊರು ಬೇರೆ, ಪ್ರಶ್ನೆ ಅದೇ. ಹೋದ ವರ್ಷ ಉತ್ತರಿಸಿದ್ದನ್ನೇ ಈ ವರ್ಷವೂ ಕೇಳುತ್ತಾರೆ. ಹಾಗಾಗಿ ಒಂದು ಪ್ರಶ್ನೆಗೆ ಈ ಸಲ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಎರಡೆರಡು ಮಾತು. ಹೆಲ್ಮೆಟ್, ಪಂಕ್ಚರ್ ಕಿಟ್, ನೀರಿನ ಬಾಟಲಿ ವಿಷಯ ನಾನು ಎತ್ತುವುದಿಲ್ಲ. ಅಷ್ಟು ಗೊತ್ತಿಲ್ಲದವರು ಸದ್ಯಕ್ಕೆ ಊರೊಳಗೇ ಸುತ್ತಾಡಿ.

ಪ್ರಶ್ನೆ: ಉಡುಪಿಯಿಂದ ಹೊರಟು ಶೃಂಗೇರಿ, ಕಳಸ, ಕುದುರೆಮುಖ ಸುತ್ತಿಕೊಂಡು ಸೈಕಲ್‌ನಲ್ಲೇ ವಾಪಸ್ ಬರುವ ಆಸೆ. ಹಿಂದೆ ಎರಡು ಬ್ಯಾಗ್ ಇರುತ್ತವೆ. ಆಗುಂಬೆ, ಚಾರ್ಮಾಡಿ, ಶಿರಾಡಿ, ಮಾಳ – ಇವುಗಳಲ್ಲಿ ಹತ್ತಲು ಸುಲಭವಾದ ಘಾಟಿ ಯಾವುದು? ಮೂರು ತಿಂಗಳು ಜಿಮ್‌ಗೆ ಹೋದರೆ ಸಾಕಾ?

ಜಿಮ್ ಬಿಡಿ. ಮೊದಲು ಸೈಕಲ್ಲಿನ ಹಲ್ಲು ಎಣಿಸಿ.

ನಿಮ್ಮ ತೂಕ 65 ಕಿಲೊ, ಸೈಕಲ್ 14, ಸಾಮಾನು 16 ಅಂತ ಇಟ್ಟುಕೊಳ್ಳೋಣ. ಒಟ್ಟು 95 ಕಿಲೊ. ರಸ್ತೆ ಶೇ 8ರಷ್ಟು ಏರು, ಅಂದರೆ 100 ಮೀಟರ್ ಮುಂದೆ ಹೋದರೆ 8 ಮೀಟರ್ ಮೇಲೆ. ನಿಮ್ಮದು ರೋಡ್ ಬೈಕ್ ಆಗಿದ್ದು ಮುಂದಿನ ಚಿಕ್ಕ ಗೇರ್ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28 ಇದ್ದರೆ, ನಿಮಿಷಕ್ಕೆ 60 ಸಲ ಪೆಡಲ್ ತಿರುಗಿಸಿದಾಗ ವೇಗ ಗಂಟೆಗೆ 9 ಕಿ.ಮೀ. ಅದಕ್ಕೆ ಕಾಲು ಕೊಡಬೇಕಾದ ಶಕ್ತಿ ಸುಮಾರು 200 ವಾಟ್. ಅಷ್ಟನ್ನು ಗಂಟೆಗಟ್ಟಲೆ ಕೊಡುವುದು ರೇಸ್ ಹೊಡೆಯುವವರ ಕೆಲಸ, ನಮ್ಮ ನಿಮ್ಮದಲ್ಲ. ಅದೇ ಮುಂದೆ 22, ಹಿಂದೆ 34 ಹಲ್ಲು ಇದ್ದರೆ ವೇಗ 5 ಕಿ.ಮೀ.ಗೆ ಇಳಿಯುತ್ತದೆ, ಬೇಕಾಗುವ ಶಕ್ತಿ 100 ವಾಟ್‌ನ ಆಸುಪಾಸು. ಆರೋಗ್ಯವಾಗಿರುವ ಯಾರು ಬೇಕಾದರೂ ಕೊಡಬಹುದು. ನಡೆಯುವ ವೇಗವಾಯಿತಲ್ಲ ಅಂತ ನಾಚಿಕೊಳ್ಳುತ್ತಾರೆ. ನಡೆಯುವವರ ಹೆಗಲ ಮೇಲೆ 16 ಕಿಲೊ ಹೊರಿಸಿ ನೋಡಿ.

ಆದ್ದರಿಂದ ಜಿಮ್ ಫೀಸಿನ ದುಡ್ಡಿನಲ್ಲಿ ಹಿಂದಿನ ಕ್ಯಾಸೆಟ್, ಅಂದರೆ ಹಿಂಚಕ್ರದ ಗೇರ್ ಚಕ್ರಗಳ ಗೊಂಚಲು, ಬದಲಾಯಿಸಿ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಅಷ್ಟು ದೊಡ್ಡ ಗೇರ್ ಚಕ್ರ ಹಿಡಿಯುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಮೊದಲೇ ಕೇಳಿ. 'ಕಾರ್ಬನ್ ಫ್ರೇಮ್ ತಗೊಳ್ಳಿ, ಘಾಟಿ ತಾನಾಗಿ ಏರುತ್ತದೆ' ಅನ್ನುವ ಅಂಗಡಿಯವರ ಮಾತು ಕೇಳಬೇಡಿ. ಎರಡು ಕಿಲೊ ಉಳಿಸಲು ಲಕ್ಷ ಕೊಡುವವರು ಬ್ಯಾಗಿನಲ್ಲಿ ಮೂರು ಕಿಲೊ ಬೇಡದ ಬಟ್ಟೆ ತುಂಬಿರುತ್ತಾರೆ.

ಈಗ ಘಾಟಿಗೆ ಬರೋಣ. ಸುಲಭದ ಘಾಟಿ ಅಂತ ಒಂದಿಲ್ಲ. ಕರಾವಳಿಯಿಂದ ಮೇಲೆ ಹೋಗಬೇಕಾದರೆ ಅಷ್ಟು ಎತ್ತರವನ್ನು ಎಲ್ಲಾದರೂ ಒಂದು ಕಡೆ ಏರಲೇಬೇಕು. ವ್ಯತ್ಯಾಸ ಇರುವುದು ಪಕ್ಕದಲ್ಲಿ ಏನು ಓಡುತ್ತದೆ ಅನ್ನುವುದರಲ್ಲಿ.

ಶಿರಾಡಿ ಬೇಡ. ಅದು ಬೆಂಗಳೂರು–ಮಂಗಳೂರು ನಡುವಿನ ಲಾರಿ, ಟ್ಯಾಂಕರ್, ಬಸ್ಸುಗಳ ದಾರಿ. ತಿರುವಿನಲ್ಲಿ ಟ್ಯಾಂಕರ್ ಓವರ್‌ಟೇಕ್ ಮಾಡುವಾಗ ನಿಮಗೆ ಉಳಿಯುವುದು ಚರಂಡಿ ಮಾತ್ರ. ಗೆಳೆಯರು ಹೋಗಿ ಬಂದರಂತೆ ಅಂತ ಬರೆಯಬೇಡಿ. ಬಂದವರೇ ತಾನೇ ಹೇಳುವುದು?

ಚಾರ್ಮಾಡಿ ಚೆಂದ, ಒಪ್ಪುತ್ತೇನೆ. ಮೇಲೆ ಹತ್ತಿ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನುವ ಸುಖವೇ ಬೇರೆ. ಆದರೆ ಅದು ಕಳಚುವ ಗುಡ್ಡ. 2019ರ ಆಗಸ್ಟ್‌ನಲ್ಲಿ ಅಲ್ಲಿ ಕುಸಿದದ್ದನ್ನು ಸರಿಪಡಿಸಲು ತಿಂಗಳುಗಳೇ ಹಿಡಿದವು. ಮಂಜು ಇಳಿದರೆ ಹತ್ತು ಮಾರು ಕಾಣುವುದಿಲ್ಲ. ನಾನಂತೂ ಜೂನ್‌ನಿಂದ ಅಕ್ಟೋಬರ್ ಅರ್ಧದವರೆಗೆ ಆ ಕಡೆ ತಲೆ ಹಾಕುವುದಿಲ್ಲ. ನನ್ನದು ಸ್ವಲ್ಪ ಜಾಸ್ತಿ ಎಚ್ಚರಿಕೆ ಅನ್ನಿಸಬಹುದು, ಅನ್ನಿಸಲಿ. ಅಲ್ಲದೆ ನಿಮ್ಮ ಸುತ್ತಿಗೆ ಅದು ದಕ್ಷಿಣಕ್ಕೆ ದೂರವಾಯಿತು.

ಉಳಿದದ್ದು ಆಗುಂಬೆ ಮತ್ತು ಮಾಳ. ಇಲ್ಲಿಯೇ ಎಲ್ಲರೂ ಉಲ್ಟಾ ಯೋಚಿಸುತ್ತಾರೆ. ಹತ್ತುವಾಗ ಆಗುವುದೆಲ್ಲ ನಿಧಾನವಾಗಿ ಆಗುತ್ತದೆ. ಸುಸ್ತಾದರೆ ಇಳಿದು ತಳ್ಳಬಹುದು. ಎಲುಬು ಮುರಿಯುವುದು ಇಳಿಯುವಾಗ. ಹಾಗಾಗಿ ಯಾವುದನ್ನು ಹತ್ತಲಿ ಅಂತಲ್ಲ, ಯಾವುದನ್ನು ಇಳಿಯಬಾರದು ಅಂತ ಮೊದಲು ತೀರ್ಮಾನಿಸಿ.

ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳು. ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ಓಡುವುದು ಮಿನಿ ಬಸ್ಸು, ಕಾರುಗಳು. ಹತ್ತುವವರಿಗೆ ಇದು ವರ. ಇಳಿಯುವವರಿಗೆ ಅಷ್ಟೂ ತಿರುವಿನಲ್ಲಿ ಬ್ರೇಕ್, ಎದುರಿಗೆ ಫೋಟೊ ತೆಗೆಯಲು ನಿಂತ ಕಾರು, ಅದರ ಪಕ್ಕ ಚಿಪ್ಸ್‌ಗೆ ಕಾದ ಕೋತಿ. ಸುಮಾರು 500 ಮೀಟರ್ ಎತ್ತರದಿಂದ 95 ಕಿಲೊ ಇಳಿದರೆ ಹುಟ್ಟುವ ಶಾಖ ಎಷ್ಟು ಗೊತ್ತಾ? ಹೆಚ್ಚು ಕಡಿಮೆ ಒಂದೂವರೆ ಲೀಟರ್ ನೀರು ಕುದಿಯಲು ಸಾಕು. ನೇರ ರಸ್ತೆಯಲ್ಲಿ ಒಂದಷ್ಟನ್ನು ಗಾಳಿ ತಗೊಳ್ಳುತ್ತದೆ. ಹೇರ್‌ಪಿನ್ ರಸ್ತೆಯಲ್ಲಿ ವೇಗವೇ ಇಲ್ಲದ ಮೇಲೆ ಗಾಳಿಗೇನು ಸಿಗುತ್ತದೆ? ಎಲ್ಲವೂ ರಿಮ್ಮು, ಬ್ರೇಕ್ ಪ್ಯಾಡುಗಳ ಪಾಲು. ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದೇ ಇಳಿಯುವವರನ್ನು ಕಂಡರೆ ನನಗೆ ಭಯ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಆಮೇಲೆ ಬಿಡಿ. ರಿಮ್ಮಿಗೆ ಉಸಿರಾಡಲು ಹೊತ್ತು ಸಿಗಬೇಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಅನ್ನುವ ನಂಬಿಕೆ ಬೇರೆ ಇದೆ. ನಿಲ್ಲಿಸುವ ಶಕ್ತಿ ಹೆಚ್ಚಿರುವುದೇ ಮುಂದಿನ ಬ್ರೇಕಿಗೆ. ಮೈ ಹಿಂದಕ್ಕೆ ತಂದು, ತಟಕ್ಕನೆ ಎಳೆಯದೆ ಹಿಡಿಯಿರಿ, ಅಷ್ಟೇ.

ಹಾಗಾಗಿ ಆಗುಂಬೆ ಹತ್ತಿ, ಮಾಳ ಇಳಿಯಿರಿ. ಉಡುಪಿಯಿಂದ ಹೆಬ್ರಿ ಮೇಲೆ ಆಗುಂಬೆಗೆ ಸುಮಾರು 55 ಕಿ.ಮೀ. ನಸುಕಿನಲ್ಲೇ ಹೊರಟರೆ ಬಿಸಿಲು ಏರುವ ಮೊದಲು ಸೋಮೇಶ್ವರದಲ್ಲಿ ಇರುತ್ತೀರಿ. ಘಾಟಿಯಲ್ಲಿ ಎಡಕ್ಕೆ ತಿರುಗುವ ಹೇರ್‌ಪಿನ್‌ಗಳ ಒಳಮೈ ತುಂಬಾ ಕಡಿದು. ನಾವು ಎಡಬದಿಯವರು, ಅದೇ ನಮ್ಮ ಪಾಲಿಗೆ ಬರುತ್ತದೆ. ತಿರುವು ಕಾಣುತ್ತಲೇ ಗೇರ್ ಇಳಿಸಿಕೊಳ್ಳಿ. ತಿರುವಿನ ನಡುವೆ ಪೂರ್ತಿ ಭಾರ ಹಾಕಿಕೊಂಡು ಗೇರ್ ಬದಲಿಸಲು ಹೋದರೆ ಚೈನ್ ಕಡಿಯುವುದು ಅಲ್ಲೇ.

ಆಗುಂಬೆ ಮುಟ್ಟಿದ ಮೇಲೆ ಕಷ್ಟ ಮುಗಿಯಿತು ಅಂದುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಸಮತಟ್ಟು ಎಲ್ಲಿದೆ? ಹಳ್ಳಕ್ಕೆ ಇಳಿ, ದಿಬ್ಬ ಹತ್ತು, ಮತ್ತೆ ಹಳ್ಳ. ಶೃಂಗೇರಿಯಿಂದ ಜಯಪುರ, ಬಸರೀಕಟ್ಟೆ ಕಡೆಯಿಂದ ಕಳಸಕ್ಕೆ ಹೋಗುವ ದಿನವೇ ಬಹಳ ಜನ ಸೋಲುವುದು, ಘಾಟಿಯಲ್ಲಲ್ಲ. ಆ ದಿನ ಕಡಿಮೆ ದೂರ ಇಟ್ಟುಕೊಳ್ಳಿ. ಹೊರನಾಡಿಗೂ ಹೋಗುವುದಾದರೆ ಬ್ಯಾಗಿನಲ್ಲಿ ಒಂದು ಪಂಚೆ, ಶಲ್ಯ ಇರಲಿ. ಗಂಡಸರು ಅಂಗಿ ತೆಗೆದು ಶಲ್ಯ ಹೊದ್ದು ಒಳಗೆ ಹೋಗಬೇಕು. ಸೈಕಲ್ ಚಡ್ಡಿಯಲ್ಲಿ ಸಾಲಿನಲ್ಲಿ ನಿಂತು ಮುಜುಗರ ಪಡಬೇಡಿ. ಪ್ರಸಾದದ ಊಟ ಆದಮೇಲೆ ಒಂದು ಗಂಟೆ ಪೆಡಲ್ ಮುಟ್ಟಬೇಡಿ.

ಕಳಸದಿಂದ ಕುದುರೆಮುಖದ ಮೇಲೆ, ಮಾಳ ಘಾಟಿ ಇಳಿದು, ಕಾರ್ಕಳಕ್ಕೆ 70 ಕಿ.ಮೀ. ಆಸುಪಾಸು. ಇದು ಈ ಸುತ್ತಿನ ಅತಿ ಚೆಂದದ, ಅತಿ ಒಂಟಿಯಾದ ದಾರಿ. ಬೆಳಗ್ಗೆಯೇ ಹೊರಟರೆ ದಣಿಯದ ಕಾಲಿನಲ್ಲಿ ಕಾಡು ದಾಟುತ್ತೀರಿ. ಇಳಿದ ಮೇಲೆ ಬಸ್ಸು, ಆಸ್ಪತ್ರೆ, ಹೋಟೆಲು ಎಲ್ಲ ಹತ್ತಿರ. ಉಲ್ಟಾ ಬಂದರೆ ಸಂಜೆ, ಸುಸ್ತು, ಕಾಡು ಮೂರೂ ಒಟ್ಟಿಗೆ ಸಿಗುತ್ತವೆ. ನಡುವೆ ಅಂಗಡಿ ಹುಡುಕಬೇಡಿ, ತಿಂಡಿ ನೀರು ಕಳಸದಲ್ಲೇ ತುಂಬಿಕೊಳ್ಳಿ.

ಕುದುರೆಮುಖದ ಆ ಕಾಡು 1987ರಿಂದ ರಾಷ್ಟ್ರೀಯ ಉದ್ಯಾನ. ಗೇಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಇನ್ನೊಂದು ಗೇಟು ಅಷ್ಟರೊಳಗೆ ದಾಟಬೇಕು. ಆ ಲೆಕ್ಕ ಮೋಟಾರು ಗಾಡಿಗೆ ಹಾಕಿದ್ದು. ಸೈಕಲ್ಲಿಗೆ ಏನು ಮಾಡುತ್ತಾರೆ ಅಂತ ಅರಣ್ಯ ಇಲಾಖೆ ಕಚೇರಿಗೆ ಮೊದಲೇ ಫೋನ್ ಮಾಡಿ ಕೇಳಿ. ಗೇಟಿನವರ ಜೊತೆ ವಾದ ಮಾಡಬೇಡಿ, ಅದೇನು ಅವರು ಮಾಡಿದ ನಿಯಮವಲ್ಲ.

ಕುದುರೆಮುಖದ ಸುತ್ತ ಹುಲ್ಲಿನ ಗುಡ್ಡ ಕಂಡು 'ಅಯ್ಯೋ, ಗಣಿ ಮಾಡಿ ಕಾಡೆಲ್ಲ ಬೋಳಾಗಿದೆ' ಅಂತ ಬರೆಯುವವರು ಪ್ರತಿ ವರ್ಷ ಇದ್ದಾರೆ. ಗಣಿ ನಿಂತದ್ದು 2005ರ ಕೊನೆಗೆ, ಅದರ ಗಾಯಗಳೂ ಅಲ್ಲಿವೆ. ಆದರೆ ಈ ಹುಲ್ಲು ಗಾಯವಲ್ಲ. ಗುಡ್ಡದ ಮೈಗೆ ಹುಲ್ಲು, ನೀರಿಳಿಯುವ ಕೊರಕಲಿಗೆ ಮರ, ಶೋಲಾ ಕಾಡು ಇರುವುದೇ ಹಾಗೆ. ಸೈಕಲ್ಲಿನವರಿಗೆ ಮುಖ್ಯವಾದದ್ದು ಇಷ್ಟು: ಹುಲ್ಲಿನ ಕಡೆ ನೆರಳಿಲ್ಲ, ಗಾಳಿ ಅಡ್ಡ ಬಡಿಯುತ್ತದೆ. ಬ್ಯಾಗುಗಳ ತೂಕ ಎರಡೂ ಕಡೆ ಸಮ ಇರಲಿ. ಗಾಳಿ ಜೋರಾದರೆ ಹ್ಯಾಂಡಲ್ ಸಡಿಲವಾಗಿ ಹಿಡಿಯಿರಿ.

ಪ್ರಶ್ನೆ: ಅಲ್ಲೇ ಹುಲ್ಲಿನ ಮೇಲೆ ಟೆಂಟ್ ಹಾಕಬಹುದಾ?

ಇಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ಇಂಬಳಕ್ಕೆ ಏನು ಮಾಡುವುದು?

ಕಚ್ಚಿಸಿಕೊಳ್ಳಿ. ಇಂಬಳದಿಂದ ಯಾರೂ ಸಾಯುವುದಿಲ್ಲ. ನೀವು ಕೇಳಬೇಕಾದದ್ದು ಉಣುಗಿನ ಬಗ್ಗೆ, ಅದನ್ನು ಒಬ್ಬರೂ ಕೇಳುವುದಿಲ್ಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಈಗಲೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಅದು ಜೋರಾಗುವುದು ಡಿಸೆಂಬರ್‌ನಿಂದ ಮೇ ತನಕ, ಸರಿಯಾಗಿ ಸೈಕಲ್ ಪ್ರವಾಸದ ಕಾಲಕ್ಕೆ. ಒಣ ಎಲೆಯ ಮೇಲೆ ಕೂತು ಬುತ್ತಿ ಬಿಚ್ಚಬೇಡಿ. ಮಂಗ ಸತ್ತ ಸುದ್ದಿ ಇರುವ ಊರಿನ ಕಾಡಿಗೆ ಕಾಲಿಡಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರು ಸ್ನಾನ ಮಾಡಿ, ಕಂಕುಳು, ತೊಡೆಸಂದು ನೋಡಿಕೊಳ್ಳಿ. ಕಚ್ಚಿ ಕೂತಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಬೀಡಿ ಕೆಂಡ, ಸೀಮೆಎಣ್ಣೆ ಅಂತ ಹೇಳಿಕೊಡುವವರಿಂದ ದೂರ ಇರಿ. ಪ್ರವಾಸ ಮುಗಿದ ವಾರ ಹತ್ತು ದಿನದಲ್ಲಿ ತಟ್ಟನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ನೀವಾಗೇ ಹೇಳಿ.

ಪ್ರಶ್ನೆ: ಮಂಡಿ ನೋವು. ನಾಟಿ ಎಣ್ಣೆಯವರೊಬ್ಬರು ಸೈಕಲ್ ತುಳಿಯುವವರಿಗೆಂದೇ ಪಟ್ಟು ಹಾಕುತ್ತಾರಂತೆ.

ಅವರು ನಿಮ್ಮ ಸೀಟಿನ ಎತ್ತರ ನೋಡಿದರಾ? ಮಂಡಿಚಿಪ್ಪಿನ ಮುಂಭಾಗ ನೋಯುತ್ತಿದ್ದರೆ ಹೆಚ್ಚಿನ ಸಲ ಕಾರಣ ಎರಡೇ: ಸೀಟು ತಗ್ಗು, ಗೇರ್ ಭಾರ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಅಷ್ಟು ಸರಿ ಮಾಡಿ, ಹಗುರ ಗೇರ್ ಹಾಕಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಪಟ್ಟಿನವರ ಹತ್ತಿರ ಅಲ್ಲ.

ಪ್ರಶ್ನೆ: ಚೈನಿಗೆ ಕೊಬ್ಬರಿ ಎಣ್ಣೆ ಹಾಕಬಹುದಾ?

ಮಲೆನಾಡಿನ ಡಿಸೆಂಬರ್ ಬೆಳಗಿಗೆ ಅದು ಗಟ್ಟಿಯಾಗುತ್ತದೆ. ಬಿಸಿಲು ಬಂದ ಮೇಲೆ ಧೂಳು ಹಿಡಿಯುತ್ತದೆ. ತಲೆಗೆ ಹಾಕಿ.

ಪ್ರಶ್ನೆ: ಮ್ಯಾಪ್‌ನಲ್ಲಿ ಕಾಫಿ ತೋಟದ ನಡುವೆ ಶಾರ್ಟ್‌ಕಟ್ ತೋರಿಸುತ್ತದೆ.

ತೋರಿಸುತ್ತದೆ. ಕೊನೆಯಲ್ಲಿ ಇರುವ ಬೀಗ ಹಾಕಿದ ಗೇಟು, ಬಿಚ್ಚಿದ ನಾಯಿ ತೋರಿಸುವುದಿಲ್ಲ.

ಪ್ರಶ್ನೆ: ರಾತ್ರಿ ಮುಳ್ಳಯ್ಯನಗಿರಿ ಹತ್ತಿ ಸೂರ್ಯೋದಯ ನೋಡುವ ಪ್ಲ್ಯಾನ್ ಇದೆ.

ಬಿಡಿ. ಕಿರಿದಾದ ರಸ್ತೆ, ಮಂಜು, ಒಂದು ಬದಿ ಪ್ರಪಾತ, ನಿದ್ದೆಗೆಟ್ಟ ಟ್ಯಾಕ್ಸಿ ಡ್ರೈವರ್. 1,930 ಮೀಟರ್ ಎತ್ತರದ ಬೆಟ್ಟ ಬೆಳಕು ಹರಿದ ಮೇಲೂ ಅಲ್ಲೇ ಇರುತ್ತದೆ.

ಪ್ರಶ್ನೆ: ಮೈಸೂರಿನಿಂದ ಊಟಿಗೆ ಬಂಡೀಪುರದ ಮೇಲೆ ಸೈಕಲ್‌ನಲ್ಲಿ ಹೋಗಬಹುದಾ? ಆನೆ ಬಂದರೆ ಸುಮ್ನೆ ನಿಂತರೆ ಏನೂ ಮಾಡುವುದಿಲ್ಲ ಅನ್ನುತ್ತಾರೆ.

ಯಾರು ಅನ್ನುತ್ತಾರೆ? ಆನೆಯನ್ನು ಕೇಳಿದ್ದಾರಾ? ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ನಿಷೇಧ ಇದೆ. ಹಗಲು ಗಾಡಿಗಳು ಓಡುತ್ತವೆ ನಿಜ, ಆದರೆ ಕಾರಿನವರಿಗೆ ಗಾಜು ಏರಿಸಲು, ರಿವರ್ಸ್ ಹೋಗಲು ದಾರಿ ಇದೆ. ಏರಿನಲ್ಲಿ ಗಂಟೆಗೆ 8 ಕಿ.ಮೀ. ಹೋಗುವ ನಿಮಗೆ ಏನಿದೆ? ಬಂಡೀಪುರದಂಥ ಆನೆಗಳ ಕಾಡಿನಲ್ಲಿ ಸೈಕಲ್ ತುಳಿಯಲು ನಾನು ಯಾರಿಗೂ ಹೇಳುವುದಿಲ್ಲ. ಗುಂಡ್ಲುಪೇಟೆಯಲ್ಲಿ ಸೈಕಲನ್ನು ಗೂಡ್ಸ್ ಗಾಡಿಗೆ ಹಾಕಿ. ಗೂಡಲೂರಿನಲ್ಲಿ ಇಳಿಸಿಕೊಂಡು ಅಲ್ಲಿಂದ ಮುಂದೆ ತುಳಿಯಿರಿ.