ದೂರುಗಳು ಅರ್ಧಕ್ಕಿಳಿದರೆ ತಾರತಮ್ಯವೂ ಇಳಿದಿದೆ ಎನ್ನಬಹುದೇ?

ಸಾರ್ವಜನಿಕ ನೀತಿಯ ಬಗ್ಗೆ ಪ್ರಬಂಧ ಬರೆಯುತ್ತಿರುವ ತಾವು, ಹೊಸ ನಿಯಮವೊಂದು ಜಾರಿಯಾದ ಬಳಿಕ ಉದ್ಯೋಗದಲ್ಲಿನ ತಾರತಮ್ಯದ ದೂರುಗಳು ಅರ್ಧಕ್ಕೆ ಇಳಿದಿರುವುದನ್ನು ಕಂಡು, ಆ ನಿಯಮ ಫಲ ಕೊಟ್ಟಿದೆ ಎಂದು ತೀರ್ಮಾನಿಸಬಹುದೇ ಎಂದು ಕೇಳಿದ್ದೀರಿ. ಆ ಒಂದು ಅಂಕಿಯನ್ನಷ್ಟೇ ನೆಚ್ಚಿಕೊಂಡು ಹಾಗೆ ಬರೆಯಲು ಬರುವುದಿಲ್ಲ. ದೂರಿನ ವಹಿಯಲ್ಲಿ ಹೆಸರಿರುವವರು ದೂರು ಕೊಡಲು ಶಕ್ತರಾದವರು ಮಾತ್ರ. ಅನ್ಯಾಯ ಅನುಭವಿಸಿಯೂ ಅಲ್ಲಿಯವರೆಗೆ ಬಾರದೆ ಉಳಿದವರು ಎಷ್ಟು ಜನ, ಏಕೆ ಬರಲಿಲ್ಲ ಎಂಬುದನ್ನು ಬೇರೆ ದಾರಿಯಿಂದ ತಿಳಿಯದ ಹೊರತು ಇಳಿಕೆಯ ಅರ್ಥ ಗೊತ್ತಾಗುವುದಿಲ್ಲ. ಈ ಕ್ಷೇತ್ರದ ಸಂಶೋಧನೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಇದಕ್ಕೇ ಎಂಬುದು ನನ್ನ ಅಭಿಪ್ರಾಯ.

ತಮ್ಮ ಪ್ರಶ್ನೆಗೆ ಬಹಳ ಹತ್ತಿರದ ಉದಾಹರಣೆ ಬ್ರಿಟನ್ನಿನದು. ಅಲ್ಲಿ 2013ರ ಜುಲೈವರೆಗೆ ಉದ್ಯೋಗ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಶುಲ್ಕವಿರಲಿಲ್ಲ. ಆ ತಿಂಗಳಿನಿಂದ ಅರ್ಜಿ ಹಾಕುವಾಗ ಒಮ್ಮೆ, ವಿಚಾರಣೆಗೆ ಮುನ್ನ ಇನ್ನೊಮ್ಮೆ ಶುಲ್ಕ ಕಟ್ಟಬೇಕಾಯಿತು. ಬಾಕಿ ಸಂಬಳದಂಥ ಸರಳ ಪ್ರಕರಣಕ್ಕೆ ಒಟ್ಟು 390 ಪೌಂಡ್, ವಜಾ ಅಥವಾ ತಾರತಮ್ಯದ ಪ್ರಕರಣಕ್ಕೆ 1,200 ಪೌಂಡ್. ಅರ್ಜಿಗಳ ಸಂಖ್ಯೆ ಸುಮಾರು ಮೂರನೇ ಎರಡರಷ್ಟು ಕುಸಿಯಿತು. ಹುರುಳಿಲ್ಲದ ದಾವೆಗಳನ್ನು ತಡೆಯುವುದೂ ಶುಲ್ಕದ ಉದ್ದೇಶಗಳಲ್ಲಿ ಒಂದೆಂದು ಸರ್ಕಾರ ಹೇಳಿಕೊಂಡಿದ್ದರಿಂದ, ಈ ಕುಸಿತವನ್ನು ಯಶಸ್ಸೆಂದು ತೋರಿಸಲು ಅವಕಾಶವಿತ್ತು. ಆದರೆ ಹುರುಳಿಲ್ಲದವರೇ ಹಿಂದೆ ಸರಿದಿದ್ದರೆ, ಉಳಿದ ಅರ್ಜಿಗಳಲ್ಲಿ ಗೆಲ್ಲುವವರ ಪ್ರಮಾಣ ಏರಬೇಕಿತ್ತಲ್ಲವೇ? ಅದು ಏರಲಿಲ್ಲ, ಮೊದಲಿಗಿಂತ ಕಡಿಮೆಯೇ ಇತ್ತು. ಕಾರ್ಮಿಕ ಸಂಘವಾದ ಯೂನಿಸನ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಈ ಅಂಕಿಗಳನ್ನೂ, ಕಡಿಮೆ ಆದಾಯದ ಕುಟುಂಬವೊಂದು ಶುಲ್ಕ ಹೊಂದಿಸಲು ಯಾವ ಸಾಮಾನ್ಯ ಖರ್ಚುಗಳನ್ನು ಬಿಡಬೇಕಾಗುತ್ತದೆ ಎಂಬ ಲೆಕ್ಕವನ್ನೂ ಪರಿಶೀಲಿಸಿ, 2017ರ ಜುಲೈನಲ್ಲಿ ಶುಲ್ಕದ ಆದೇಶವನ್ನು ಕಾನೂನುಬಾಹಿರವೆಂದು ರದ್ದುಪಡಿಸಿತು. ಐನೂರು ಪೌಂಡಿನ ಬಾಕಿ ವಸೂಲಿಗೆ, ಗೆಲ್ಲುವ ಖಾತರಿಯಾಗಲಿ ಗೆದ್ದ ಹಣ ಕೈಸೇರುವ ಖಾತರಿಯಾಗಲಿ ಇಲ್ಲದೆ, 390 ಪೌಂಡ್ ಕಟ್ಟಲು ವಿವೇಕವುಳ್ಳ ಯಾರು ತಾನೇ ಮುಂದಾಗುತ್ತಾರೆ? ತಮ್ಮ ಬಳಿ ಇರುವ ದತ್ತಾಂಶದಲ್ಲಿಯೂ ಇದೇ ಪರೀಕ್ಷೆಯನ್ನು ಮೊದಲು ಮಾಡಿ ನೋಡಿ: ಸಂಖ್ಯೆ ಇಳಿದಾಗ ಪ್ರಕರಣಗಳ ಗುಣ ಬದಲಾಯಿತೇ, ಸಣ್ಣ ಮೊತ್ತದವು ಮಾತ್ರ ಮಾಯವಾದವೇ, ದೂರುದಾರರ ಪೈಕಿ ಯಾವ ವರ್ಗ ತೆಳುವಾಯಿತು?

ಶುಲ್ಕ ಕಣ್ಣಿಗೆ ಕಾಣುವ ತಡೆ. ಕಾಣದ ತಡೆಗಳು ಅದಕ್ಕೂ ಮೊದಲೇ ಶುರುವಾಗುತ್ತವೆ. ಫೆಲ್ಸ್ಟಿನರ್, ಏಬಲ್ ಮತ್ತು ಸರಾತ್ ಎಂಬ ಮೂವರು ವಿದ್ವಾಂಸರು 1980ರ ದಶಕದ ಆರಂಭದಲ್ಲಿ ಇದನ್ನು ಮೂರು ಹಂತಗಳಾಗಿ ವಿವರಿಸಿದರು. ತನಗಾದದ್ದು ಅನ್ಯಾಯವೆಂದು ವ್ಯಕ್ತಿ ಗುರುತಿಸಬೇಕು, ಅದಕ್ಕೆ ಇಂಥವರು ಹೊಣೆ ಎಂದು ನಿರ್ಧರಿಸಬೇಕು, ಬಳಿಕ ಅವರಿಂದ ಪರಿಹಾರ ಕೇಳಬೇಕು. ನ್ಯಾಯಾಲಯದ ಮೆಟ್ಟಿಲು ಬರುವುದು ಇವೆಲ್ಲ ದಾಟಿದ ಮೇಲೆ. ‘ನನ್ನ ಹಣೆಬರಹ’ ಎಂದುಕೊಂಡವನು ಮೊದಲನೆಯ ಹಂತದಲ್ಲಿಯೇ ನಿಂತುಬಿಡುತ್ತಾನೆ. ಆದುದರಿಂದ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ‘ನಿಮ್ಮ ಕಾನೂನುಬದ್ಧ ಹಕ್ಕಿನ ಉಲ್ಲಂಘನೆಯಾಗಿದೆಯೇ?’ ಎಂದು ಕೇಳಿದರೆ ಪ್ರಯೋಜನವಿಲ್ಲ. ಬಹುಪಾಲು ಜನ ಇಲ್ಲ ಎನ್ನುತ್ತಾರೆ. ‘ಕಳೆದ ಒಂದು ವರ್ಷದಲ್ಲಿ ದುಡಿದ ದಿನಕ್ಕೆ ಕೂಲಿ ಸಿಗದೇ ಹೋದದ್ದುಂಟೇ? ಆಗ ಯಾರಿಗೆ ಹೇಳಿದಿರಿ? ಯಾರಿಗೂ ಹೇಳದಿದ್ದರೆ ಏಕೆ?’ ಎಂದು ಬಿಡಿಸಿ ಕೇಳಬೇಕು. ಇಂಗ್ಲೆಂಡಿನಲ್ಲಿ ಕಾನೂನು ವಿದ್ವಾಂಸೆ ಹೇಜಲ್ ಜೆನ್ 1990ರ ದಶಕದ ಕೊನೆಯಲ್ಲಿ ನಡೆಸಿದ ಪ್ರಸಿದ್ಧ ಸಮೀಕ್ಷೆ ಇದೇ ಕ್ರಮವನ್ನು ಅನುಸರಿಸಿತು. ಅಪರಾಧದ ವಿಷಯದಲ್ಲಿಯೂ ಅಮೆರಿಕವು 1970ರ ದಶಕದಿಂದ ಪೊಲೀಸ್ ದಾಖಲೆಗಳನ್ನು ಬದಿಗಿಟ್ಟು ನೇರವಾಗಿ ಮನೆಮಂದಿಯನ್ನೇ ಕೇಳುವ ಸಮೀಕ್ಷೆ ನಡೆಸುತ್ತಿದೆ. ಹಿಂಸೆಗೆ ಒಳಗಾದ ಪ್ರಕರಣಗಳಲ್ಲಿ ಪೊಲೀಸರನ್ನು ತಲುಪುವವು ಇತ್ತೀಚಿನ ವರ್ಷಗಳಲ್ಲಿ ಅರ್ಧಕ್ಕಿಂತ ಕಡಿಮೆ ಎಂಬುದು ತಿಳಿದದ್ದು ಇದರಿಂದಲೇ.

ಇಷ್ಟಾದರೂ ಸಿಗದ ಒಂದು ಬಗೆಯ ಅನ್ಯಾಯವಿದೆ: ಒಳಗಾದವರಿಗೇ ಗೊತ್ತಾಗದಂಥದ್ದು. ಕೆಲಸಕ್ಕೆ ಅರ್ಜಿ ಹಾಕಿ ಕರೆ ಬಾರದಿದ್ದರೆ, ಅದು ಅರ್ಹತೆಯ ಕೊರತೆಯೋ ಹೆಸರಿನ ಕಾರಣವೋ ಅಭ್ಯರ್ಥಿಗೆ ತಿಳಿಯುವ ದಾರಿಯೇ ಇಲ್ಲ. ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅಮೆರಿಕದ ಬಾಸ್ಟನ್ ಮತ್ತು ಷಿಕಾಗೋ ನಗರಗಳ ಉದ್ಯೋಗದಾತರಿಗೆ ಸುಮಾರು 5,000 ಕಾಲ್ಪನಿಕ ಅರ್ಜಿಗಳನ್ನು ಕಳಿಸಿ, ಹೆಸರುಗಳನ್ನು ಮಾತ್ರ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯರದೆಂದು ತೋರುವ ಹೆಸರಿನವರಿಗೆ ಒಂದು ಕರೆ ಬರಲು ಸುಮಾರು ಹತ್ತು ಅರ್ಜಿ ಸಾಕಾದರೆ, ಕಪ್ಪುವರ್ಣೀಯರದೆಂದು ತೋರುವ ಹೆಸರಿನವರಿಗೆ ಹದಿನೈದು ಬೇಕಾದವು. ಅಲ್ಲಿ ಒಂದೇ ಒಂದು ದೂರೂ ಇರಲಿಲ್ಲ ಎಂಬುದನ್ನು ಗಮನಿಸಿ. (ಉದ್ಯೋಗದಾತರನ್ನು ನಂಬಿಸಿ ಮಾಡುವ ಪ್ರಯೋಗವಾದ್ದರಿಂದ ನೈತಿಕ ಸಮಿತಿಯ ಒಪ್ಪಿಗೆ ಸುಲಭವಾಗಿ ಸಿಗುವುದಿಲ್ಲ, ವಿದ್ಯಾರ್ಥಿ ಪ್ರಬಂಧಕ್ಕೆ ನಾನು ಇದನ್ನು ಸೂಚಿಸಲಾರೆ.)

ಎಣಿಸಲು ಆರಿಸಿಕೊಳ್ಳುವ ವರ್ಗೀಕರಣವೂ ಮೋಸ ಮಾಡಬಲ್ಲದು. ಅಮೆರಿಕದಲ್ಲಿ ಐವರು ಕಪ್ಪುವರ್ಣೀಯ ಮಹಿಳೆಯರು ಜನರಲ್ ಮೋಟಾರ್ಸ್ ವಿರುದ್ಧ ಹೂಡಿದ ದಾವೆಯ ತೀರ್ಪು 1976ರಲ್ಲಿ ಬಂತು. ಸೇವಾ ಹಿರಿತನದ ಆಧಾರದ ಮೇಲೆ ಕೆಲಸದಿಂದ ತೆಗೆದಾಗ ತಮ್ಮಂಥವರೇ ಮೊದಲು ಹೊರಬಿದ್ದರು, ಏಕೆಂದರೆ 1964ಕ್ಕೆ ಮೊದಲು ಕಂಪನಿ ಕಪ್ಪುವರ್ಣೀಯ ಮಹಿಳೆಯರನ್ನು ನೇಮಿಸಿಕೊಂಡೇ ಇರಲಿಲ್ಲ ಎಂಬುದು ಅವರ ವಾದ. ಆದರೆ ಕಂಪನಿ ಆ ಕಾಲದಲ್ಲಿಯೂ ಮಹಿಳೆಯರನ್ನು ನೇಮಿಸಿಕೊಂಡಿತ್ತು, ಅವರು ಬಿಳಿಯರಾಗಿದ್ದರು. ಹೀಗಾಗಿ ಲಿಂಗ ತಾರತಮ್ಯವಿಲ್ಲ, ಬಣ್ಣ ಮತ್ತು ಲಿಂಗ ಎರಡನ್ನೂ ಸೇರಿಸಿದ ಪ್ರತ್ಯೇಕ ವರ್ಗವನ್ನು ಒಪ್ಪಲಾಗದು ಎಂದು ನ್ಯಾಯಾಲಯ ಹೇಳಿತು. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ಬರೆದ ಲೇಖನದಲ್ಲಿ ಈ ಪ್ರಕರಣವನ್ನು ಮುಂದಿಟ್ಟುಕೊಂಡೇ, ಎರಡು ತಾರತಮ್ಯಗಳು ಕೂಡುವ ಜಾಗದಲ್ಲಿರುವವರು ಎರಡೂ ಪಟ್ಟಿಗಳಿಂದ ಹೇಗೆ ಜಾರಿಹೋಗುತ್ತಾರೆಂದು ತೋರಿಸಿದರು. ತಮ್ಮ ಕೋಷ್ಟಕದಲ್ಲಿ ಮಹಿಳೆಯರಿಗೊಂದು ಸಾಲು, ಅಲ್ಪಸಂಖ್ಯಾತರಿಗೊಂದು ಸಾಲು ಇದ್ದರೆ ಸಾಲದು. ಎರಡೂ ಆಗಿರುವವರಿಗೆ ಬೇರೆಯೇ ಸಾಲು ಬೇಕು.

ತೀರ್ಪುಗಳನ್ನಷ್ಟೇ ಓದಿ ಬರೆಯುವ ಪ್ರಬಂಧಗಳ ಬಗ್ಗೆಯೂ ನನಗೆ ತಕರಾರಿದೆ. ಅಮೆರಿಕದ ಕಾನೂನು ವಿದ್ವಾಂಸ ಮಾರ್ಕ್ ಗ್ಯಾಲಂಟರ್ 1974ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ನ್ಯಾಯಾಲಯಕ್ಕೆ ಬರುವ ದೊಡ್ಡ ಸಂಸ್ಥೆಗಳು ಸೋಲುವ ಸಾಧ್ಯತೆಯಿರುವ ಪ್ರಕರಣಗಳನ್ನು ರಾಜಿಯಲ್ಲಿ ಮುಗಿಸಿ, ಗೆಲ್ಲುವಂಥವನ್ನು ಮಾತ್ರ ತೀರ್ಪಿನವರೆಗೆ ಒಯ್ಯಬಲ್ಲವು. ಹೀಗಿರುವಾಗ ತೀರ್ಪುಗಳ ಸಂಗ್ರಹವು ನಡೆದ ಅನ್ಯಾಯಗಳ ಪ್ರಾತಿನಿಧಿಕ ಮಾದರಿಯಾಗುವುದಿಲ್ಲ.

ಇನ್ನು ತಮ್ಮ ಪ್ರಬಂಧದ ಮಾತು. ಒಟ್ಟು ದೂರುಗಳ ಬದಲು ಪ್ರಮಾಣವನ್ನು ಕೊಡಿ. ಛೇದದಲ್ಲಿ ಆ ನಿಯಮದ ವ್ಯಾಪ್ತಿಗೆ ಬರುವ ನೌಕರರ ಸಂಖ್ಯೆ ಇರಲಿ, ಏಕೆಂದರೆ ನೌಕರರೇ ಕಡಿಮೆಯಾಗಿದ್ದರೆ ದೂರುಗಳೂ ಕಡಿಮೆಯಾಗುತ್ತವೆ. ಹಿಂಪಡೆದ ಮತ್ತು ಅವಧಿ ಮೀರಿದ್ದರಿಂದ ತಿರಸ್ಕೃತವಾದ ದೂರುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಿರಿ, ಬಹಳಷ್ಟು ವಿಷಯ ಅಲ್ಲಿಯೇ ಇರುತ್ತದೆ. ಸಾಧ್ಯವಿದ್ದರೆ ದೂರು ಕೊಡದ ಕೆಲವರನ್ನಾದರೂ ಕಂಡು ಮಾತನಾಡಿ, ಆದರೆ ಹುದ್ದೆ, ಊರು ಮತ್ತು ವಯಸ್ಸನ್ನು ಒಟ್ಟಿಗೆ ಬರೆದು ಅವರ ಗುರುತು ಮಾಲೀಕರಿಗೆ ಸಿಗುವಂತೆ ಮಾಡಬೇಡಿ. ಇದಾವುದಕ್ಕೂ ಸಮಯವಿಲ್ಲ, ವಹಿಯ ಅಂಕಿಗಳಷ್ಟೇ ಕೈಯಲ್ಲಿವೆ ಎಂದಾದರೆ, ‘ತಾರತಮ್ಯ ಅರ್ಧಕ್ಕೆ ಇಳಿದಿದೆ’ ಎಂಬ ವಾಕ್ಯವನ್ನು ಕೈಬಿಟ್ಟು ‘ದಾಖಲಾದ ದೂರುಗಳು ಅರ್ಧಕ್ಕೆ ಇಳಿದಿವೆ, ಕಾರಣವನ್ನು ಈ ದತ್ತಾಂಶದಿಂದ ನಿರ್ಧರಿಸಲಾಗದು’ ಎಂದು ಬರೆಯಿರಿ. ಪರೀಕ್ಷಕರು ಅದಕ್ಕೆ ಆಕ್ಷೇಪಿಸಲಾರರು.